ಐದು ಕಪ್ಪು, ಏಳು ಬಸಿ

ಪಿಂಗಾಣಿಗೆ ಹೆಸರಾದ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಕಡೆಯವರನ್ನು ಊಟಕ್ಕೆ ಕರೆಯುವ ಮುಂಚೆ ಸ್ವಲ್ಪ ಎಚ್ಚರ ಬೇಕು. ಅಡುಗೆಗೆ ಅವರು ಹೆಸರಿಡುವವರಲ್ಲ. ಸಾರು ಖಾರವಾಗಿ ಕಣ್ಣು ಮೂಗು ಎರಡರಲ್ಲೂ ನೀರು ಬಂದರೂ ಒರೆಸಿಕೊಂಡು 'ಲವ್ಲಿ' ಎನ್ನುತ್ತಾರೆ. ಆದರೆ ಬಡಿಸುವ ಮೊದಲೇ ಖಾಲಿ ತಟ್ಟೆಯನ್ನು ಎತ್ತಿ, ತಿರುವಿ, ತಳ ನೋಡುತ್ತಾರೆ. ತಳದಲ್ಲಿ ಈ ಊರಿನ ಯಾವುದಾದರೂ ಕಾರ್ಖಾನೆಯ ಮುದ್ರೆ ಇದ್ದರೆ ತಟ್ಟೆ ಮರ್ಯಾದೆಯಿಂದ ಮೇಜಿಗೆ ಇಳಿಯುತ್ತದೆ. ಬೇರೆ ದೇಶದ ಹೆಸರಿದ್ದರೆ ಸಣ್ಣದೊಂದು 'ಹ್ಞೂಂ' ಹೊರಡುತ್ತದೆ. ಆ ಹ್ಞೂಂ ಕೇಳಿದ ಮೇಲೆ ಮನೆಯೊಡತಿಗೆ ಊಟ ಸೇರುವುದಿಲ್ಲ. ಹೋಟೆಲಿರಲಿ, ಮದುವೆಮನೆ ಇರಲಿ, ಸತ್ತವರ ಮನೆಯ ಚಹಾ ಇರಲಿ, ಕೈ ತಾನಾಗಿ ತಿರುವುತ್ತದೆ. ಈ ಚಟದವರನ್ನು ಇಲ್ಲಿ ತಮಾಷೆಗೆ 'ಟರ್ನೋವರ್ ಕ್ಲಬ್ಬಿ'ನವರು ಎನ್ನುತ್ತಾರೆ. ಚಂದಾ ಇಲ್ಲ, ಅರ್ಜಿ ಇಲ್ಲ, ಇಲ್ಲಿ ಹುಟ್ಟಿದ್ದರೆ ಸಾಕು.

ಧಾರವಾಡದಲ್ಲಿ ಹುಟ್ಟಿದ ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ಪಾತ್ರೆ ತಿರುವಿ ನೋಡುವವರೇನು ಕಡಿಮೆಯೇ? ಸ್ಟೀಲಿನ ತಂಬಿಗೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿಸಿದ ಹೆಸರು, ತಾರೀಖು ಓದಿ, ಇದು ಯಾರ ಮದುವೆಯ ಆಹೇರಿ, ಯಾವ ಸೀಮಂತದಲ್ಲಿ ಕೈ ಬದಲಾಯಿಸಿತು, ಕಡೆಗೆ ಇವರ ಮನೆಯ ಅಟ್ಟಕ್ಕೆ ಹೇಗೆ ಸೇರಿತು ಎಂದು ವಂಶಾವಳಿ ಒಪ್ಪಿಸುವ ಸೋದರತ್ತೆಯರ ನಡುವೆ ಬೆಳೆದವಳು ನಾನು. ಅಲ್ಲಿ ಕೊಟ್ಟವರ ಹೆಸರು, ಇಲ್ಲಿ ಮಾಡಿದವರ ಹೆಸರು. ಕುತೂಹಲ ಅದೇ.

ಹೆಸರಿಗೆ ಒಂದೂರಾದರೂ ಸ್ಟೋಕ್-ಆನ್-ಟ್ರೆಂಟ್ ಎಂದರೆ ಆರು ಊರುಗಳ ಕೂಡುಕುಟುಂಬ. ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್ 1910ರಲ್ಲಿ ಒಂದಾದವು. ಕೂಡುಕುಟುಂಬಕ್ಕೆ ತಕ್ಕ ಮುನಿಸುಗಳೆಲ್ಲ ಹಾಗೇ ಉಳಿದವು. ಇಲ್ಲೇ ಬೆಳೆದ ಕಾದಂಬರಿಕಾರ ಆರ್ನಲ್ಡ್ ಬೆನೆಟ್ ತನ್ನ ಕಥೆಗಳಲ್ಲಿ ಇವನ್ನು 'ಐದು ಊರು' ಎಂದು ಕರೆದು ಫೆಂಟನ್ನನ್ನು ಕೈಬಿಟ್ಟ. ಆತ ತೀರಿಕೊಂಡದ್ದು 1931ರಲ್ಲಿ. ಫೆಂಟನ್ನಿನವರ ಸಿಟ್ಟು ಇನ್ನೂ ತೀರಿಲ್ಲ. ಒಂದು ಕಾಲಕ್ಕೆ ಈ ಆರೂ ಊರುಗಳಲ್ಲಿ ಪಿಂಗಾಣಿ ಸುಡುವ, ಸೀಸೆಯ ಆಕಾರದ ಇಟ್ಟಿಗೆಯ ಭಟ್ಟಿಗಳು ಸಾವಿರಗಟ್ಟಲೆ ಇದ್ದು, ಹಗಲಲ್ಲೂ ಎದುರಿನ ಮನೆ ಕಾಣದಷ್ಟು ಹೊಗೆ ಕಾರುತ್ತಿದ್ದವಂತೆ. 1956ರ ಶುದ್ಧ ಗಾಳಿಯ ಕಾಯಿದೆ ಬಂದ ಮೇಲೆ ಅವು ಒಂದೊಂದಾಗಿ ಆರಿದವು. ಈಗ ಉಳಿದಿರುವುದು ಐವತ್ತಕ್ಕಿಂತ ಕಡಿಮೆ, ಅವಕ್ಕೂ ಉರಿಯಿಲ್ಲ. ಪಾರಿವಾಳಗಳಿಗೆ ಮಾತ್ರ ಒಳ್ಳೆಯ ಅನುಕೂಲವಾಗಿದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಲಾಂಗ್‌ಟನ್ನಿನವರು. ಬೋನ್ ಚೈನಾಕ್ಕೆ ಲಾಂಗ್‌ಟನ್ ತವರುಮನೆ. ಹದಿನೈದರ ಹರೆಯದಲ್ಲಿ ಅಲ್ಲಿನ ಒಂದು ಕಾರ್ಖಾನೆ ಸೇರಿ ಕಪ್ಪಿಗೆ ಹೂ ಹಚ್ಚುವ ಕೆಲಸ ಹಿಡಿದರು. ಕಪ್ಪಿನ ಮೇಲಿನ ಹೂವೆಲ್ಲ ಕೈಯಲ್ಲಿ ಬರೆದದ್ದು ಎಂದು ನಾವು ನಂಬಿರುತ್ತೇವೆ. ಬಹುಪಾಲು ಕಪ್ಪುಗಳ ಮೇಲಿರುವುದು ಕಾಗದದ ಹಾಳೆಯಲ್ಲಿ ಅಚ್ಚಾಗಿ ಬಂದ ಹೂ. ಹಾಳೆಯನ್ನು ನೀರಿಗೆ ಹಾಕಿ ನೆನೆಸಿ, ಹೂವನ್ನು ಮೆಲ್ಲಗೆ ಕಪ್ಪಿನ ಮೈಮೇಲೆ ಜಾರಿಸಿ, ಕೆಳಗೆ ಸಿಕ್ಕಿಕೊಂಡ ನೀರು ಗಾಳಿಯನ್ನು ರಬ್ಬರಿನ ತುಂಡಿನಿಂದ ಒತ್ತಿ ಹೊರಡಿಸಿ, ಮತ್ತೊಮ್ಮೆ ಭಟ್ಟಿಯಲ್ಲಿ ಸುಟ್ಟರೆ ಹೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಂಚಿನ ಬಂಗಾರದ ಗೆರೆಯನ್ನು ಮಾತ್ರ, ಕಪ್ಪನ್ನು ಗಾಲಿಯ ಮೇಲೆ ತಿರುಗಿಸುತ್ತ, ಕುಂಚ ಹಿಡಿದು ಎಳೆಯುತ್ತಿದ್ದರು. ಅದು ಬೇರೆ ಹೆಂಗಸರ ಕೆಲಸ, ಅವರ ಜಂಭವೂ ಬೇರೆ. ಹಗಲೆಲ್ಲ ಗುಲಾಬಿ ಹಚ್ಚಿ ಹಚ್ಚಿ ನಮ್ಮ ಅಜ್ಜಿಗೆ ಗುಲಾಬಿ ಎಂದರೆ ಮುಖ ಗಂಟಾಗುತ್ತದೆ. ಅವರ ಹಿತ್ತಿಲಲ್ಲಿ ಬೆಳೆಯುವುದು ಆಲೂಗಡ್ಡೆ ಮಾತ್ರ.

ಈ ಅಜ್ಜಿ ಮನೆ ಮಾರಿ ಮಗಳ ಊರಿನ ಚಿಕ್ಕ ಫ್ಲ್ಯಾಟಿಗೆ ಹೊರಟರು. ಅಟ್ಟದ ಮೇಲಿದ್ದ ಟೀ ಸೆಟ್ಟನ್ನು ಮಗಳು ಬೇಡ ಅಂದಳು. ಬಂಗಾರದ ಅಂಚಿನ ಕಪ್ಪು ಡಿಶ್‌ವಾಷರಿನಲ್ಲಿ ಹಾಕಿದರೆ ಬಂಗಾರ ಹೋಗುತ್ತದೆ, ಮೈಕ್ರೋವೇವಿನಲ್ಲಿ ಇಟ್ಟರೆ ಕಿಡಿ ಹಾರುತ್ತದೆ, ಕೈಯಲ್ಲಿ ತೊಳೆಯುವುದು ಅವಳ ಜಾಯಮಾನದಲ್ಲಿಲ್ಲ. ಅಜ್ಜಿ ಬೇಲಿಯ ಮೇಲಿಂದ ನನ್ನನ್ನು ಕರೆದರು. "ಫೋನಿನಲ್ಲಿ ಸಾಮಾನು ಮಾರೋದು ನಿನಗೆ ಗೊತ್ತಲ್ಲ, ಡಕ್? ಇಪ್ಪತ್ತೊಂದು ಸಾಮಾನಿನ ಪೂರ್ತಿ ಸೆಟ್ಟು. ಬಂದ ದುಡ್ಡು ನನ್ನ ಬಿಂಗೋಕ್ಕೆ." ಈ ಊರಿನಲ್ಲಿ ಪ್ರೀತಿ ಬಂದರೆ ಎಲ್ಲರೂ ಬಾತುಕೋಳಿಗಳು. ಬಸ್ಸಿನ ಡ್ರೈವರು ನನಗೆ ಡಕ್ ಎನ್ನುತ್ತಾನೆ, ನಾನು ಅಂಚೆಯವನಿಗೆ ಎನ್ನುತ್ತೇನೆ.

ಇಪ್ಪತ್ತೊಂದು ಎಂದರೆ ಇಲ್ಲಿ ಶಾಸ್ತ್ರೋಕ್ತ ಸಂಖ್ಯೆ. ಆರು ಕಪ್ಪು, ಆರು ಬಸಿ, ಆರು ಸಣ್ಣ ತಟ್ಟೆ, ಒಂದು ಕೇಕಿನ ತಟ್ಟೆ, ಒಂದು ಹಾಲಿನ ಜಗ್ಗು, ಒಂದು ಸಕ್ಕರೆ ಬಟ್ಟಲು. ಲೆಕ್ಕ ಹಾಕಿ ನೋಡಿ, ಟೀಪಾಟ್ ಇದರಲ್ಲಿ ಬರುವುದಿಲ್ಲ. ಚಹಾ ಸೆಟ್ಟಿನಲ್ಲಿ ಚಹಾದ ಪಾತ್ರೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಅದು ಬೇಕಾದವರು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಎಷ್ಟೋ ಮನೆಗಳಲ್ಲಿ ಆ ಹೆಚ್ಚುವರಿ ಖರ್ಚು ಯಾರು ಮಾಡುತ್ತಾರೆಂದು ಇದ್ದ ಸ್ಟೀಲಿನದ್ದರಲ್ಲೋ ಕಂದು ಮಣ್ಣಿನದ್ದರಲ್ಲೋ ಚಹಾ ಇಳಿಸಿಕೊಂಡು, ಹೂವಿನ ಕಪ್ಪಿಗೆ ಸುರಿದು ಮಾನ ಉಳಿಸಿಕೊಂಡರು. ಅದಕ್ಕೇ ಇವತ್ತು ಹಳೆಯ ಟೀಪಾಟಿಗೆ ಎಲ್ಲಕ್ಕಿಂತ ಬೆಲೆ ಜಾಸ್ತಿ.

ಡಬ್ಬ ಬಿಚ್ಚಿ ಎಣಿಸಿದೆ. ಸರಿಯಾಗಿ ಇಪ್ಪತ್ತೊಂದು. ಐದು ಕಪ್ಪು, ಏಳು ಬಸಿ, ಮಿಕ್ಕಿದ್ದು ಶಾಸ್ತ್ರದ ಪ್ರಕಾರ.

"ಲೆಕ್ಕ ಸರಿ ಇದೆಯಲ್ಲ," ಎಂದರು ಅಜ್ಜಿ. ಇದ್ದದ್ದು ನಿಜವೇ.

ಆಮೇಲೆ ಕಪ್ಪು ತಿರುವಿ ನೋಡಿದೆ. ತಳದಲ್ಲಿ ಹಸಿರು ಬಣ್ಣದ ಕಿರೀಟ, ಕಾರ್ಖಾನೆಯ ಹೆಸರು, 'ಬೋನ್ ಚೈನಾ', 'ಇಂಗ್ಲೆಂಡ್', ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಕೈಯಿಂದ ಬರೆದ ನಾಲ್ಕಂಕಿಯ ನಮೂನೆ ನಂಬರು. ಇಂಗ್ಲೆಂಡ್ ಎಂಬ ಹೆಸರು ಇರುವುದರ ಹಿಂದೆಯೂ ಒಂದು ಕಥೆಯಿದೆ. ತಯಾರಾದ ದೇಶದ ಹೆಸರಿಲ್ಲದ ಸಾಮಾನನ್ನು 1891ರಿಂದ ಒಳಗೆ ಬಿಡುವುದಿಲ್ಲ ಎಂದು ಅಮೆರಿಕದವರು ಹಟ ಹಿಡಿದ ಮೇಲೆ ಇಲ್ಲಿನವರು ಹಾಕತೊಡಗಿದ್ದು. ಅದೆಲ್ಲ ಸರಿಯೇ. ಆದರೆ ಆ ಕಿರೀಟದ ನಡುವೆ, ಉಗುರಿನಲ್ಲಿ ಗೀರಿದಂತೆ ಒಂದು ಸಣ್ಣ ಗೆರೆ ಹಾದುಹೋಗಿತ್ತು. ಇನ್ನೊಂದು ಕಪ್ಪು ತಿರುವಿದೆ, ಅದಕ್ಕೂ ಗೆರೆ. ಬಸಿಗಳಿಗೂ ಗೆರೆ. ಇಪ್ಪತ್ತೊಂದಕ್ಕೂ ಗೆರೆ.

'ಸೆಕೆಂಡ್ಸ್'. ತಪಾಸಣೆಯಲ್ಲಿ ಏನಾದರೂ ಐಬು ಕಂಡ ಸಾಮಾನಿನ ಮುದ್ರೆಯನ್ನು ಹೀಗೆ ಗೀರಿ, ಅಗ್ಗಕ್ಕೆ ಕಾರ್ಖಾನೆಯ ಅಂಗಡಿಯಲ್ಲಿ ಮಾರುತ್ತಿದ್ದರು. ಅಜ್ಜಿ ಸಂಬಳದ ದಿನ ಒಂದು ಬಸಿ, ಮುಂದಿನ ತಿಂಗಳು ಒಂದು ಕಪ್ಪು ಎಂದು ವರ್ಷಗಟ್ಟಲೆ ಕೂಡಿಸಿದ್ದು ಇದು. ಯಾವತ್ತೂ ಆರನೆಯ ಕಪ್ಪಿಗೆ ಐಬು ಬೀಳಲಿಲ್ಲವಾದ್ದರಿಂದ ಐದಕ್ಕೇ ನಿಂತಿತು. ಐಬು ಎಲ್ಲಿದೆ ಎಂದು ನಾನು ಬೆಳಕಿಗೆ ಹಿಡಿದು ಹುಡುಕಿ ಸೋತೆ. ಅಜ್ಜಿ ಕನ್ನಡಕವಿಲ್ಲದೆ ಬೆರಳಿಟ್ಟು ತೋರಿಸಿದರು: ಇಲ್ಲಿ ಎಲೆಯೊಂದರ ತುದಿ ಕೂದಲೆಳೆಯಷ್ಟು ಮಡಚಿದೆ, ಇಲ್ಲಿ ಹಿಡಿಯ ಬುಡದಲ್ಲಿ ಸೂಜಿಮೊನೆಯಷ್ಟು ತೂತು, ಹೊಳಪು ಕೂತಿಲ್ಲ, ಇದರ ಮೊಗ್ಗು ತಲೆಕೆಳಗು. ತಲೆಕೆಳಗಾದ ಮೊಗ್ಗು ಯಾವುದು, ಸರಿಯಾದದ್ದು ಯಾವುದು ಎಂದು ನನಗೆ ಈಗಲೂ ತಿಳಿದಿಲ್ಲ.

ಅಜ್ಜಿಯ ತಲೆಮಾರಿಗೆ ಹೂವಿನ ಮೇಲೆ ಇಷ್ಟು ಆಸೆ ಯಾಕೆಂದರೆ ಅದಕ್ಕೂ ಕಾರಣವಿತ್ತು. ಯುದ್ಧದ ನಡುವೆ, 1942ರಲ್ಲಿ, ಹೂವಿನ ಪಿಂಗಾಣಿಯನ್ನು ದೇಶದೊಳಗೆ ಮಾರುವುದನ್ನು ಸರ್ಕಾರ ನಿಲ್ಲಿಸಿತು. ಹೂವೆಲ್ಲ ಹಡಗು ಹತ್ತಿ ಡಾಲರು ತರಲು ಹೋಗಬೇಕು, ಮನೆಯವರಿಗೆ ಬರೀ ಬಿಳಿ. ಯುದ್ಧ ಮುಗಿದು ಏಳು ವರ್ಷವಾದರೂ ಇದು ನಡೆದು, ಕಟ್ಟು ಸಡಿಲವಾದದ್ದು 1952ರಲ್ಲಿ. ಹೂ ಹಚ್ಚುವ ಹೆಂಗಸರೇ ಮನೆಗೆ ಬಂದು ಬೋಳು ಕಪ್ಪಿನಲ್ಲಿ ಚಹಾ ಕುಡಿದ ಊರು ಇದು. ಅಂಥ ಮನೆಯಲ್ಲಿ ಬೆಳೆದ ಹುಡುಗಿ, ಗುಲಾಬಿ ಕಂಡರಾಗದಿದ್ದರೂ, ಗುಲಾಬಿಯದ್ದನ್ನೇ ಕೂಡಿಸಿದಳು. ಕೂಡಿಸಿ, ಹಾಳೆಯಲ್ಲಿ ಸುತ್ತಿ, ಅಟ್ಟಕ್ಕೆ ಏರಿಸಿದಳು. ಮನೆಯಲ್ಲಿ ಬಳಸಿದ್ದು ಮಗ್ಗು.

ಮೊದಲು ಸೆಟ್ಟನ್ನು ಇಡಿಯಾಗಿ ಮಾರಲು ನೋಡಿದೆ. ಹರಾಜು ಕಟ್ಟೆಯವರು ಫೋಟೋ ನೋಡಿ, ಬಹಳ ವಿನಯದಿಂದ, "ಹತ್ತು ಪೌಂಡು ಬಂದರೆ ನಿಮ್ಮ ಪುಣ್ಯ, ನಮ್ಮ ಕಮಿಷನ್ನು ಅದಕ್ಕಿಂತ ಜಾಸ್ತಿ," ಎಂದರು. ಚಾರಿಟಿ ಶಾಪಿನವರು ಬಾಗಿಲಲ್ಲೇ ಕೈಮುಗಿಯುವುದೊಂದು ಬಾಕಿ; ಅವರ ಹಿಂದಿನ ಕೋಣೆ ಪೂರ್ತಿ ಟೀ ಸೆಟ್ಟಂತೆ. ಒಂದು ತಲೆಮಾರಿನವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡುತ್ತಿದ್ದಾರೆ, ಮುಂದಿನ ತಲೆಮಾರು ಟೀ ಬ್ಯಾಗನ್ನು ಮಗ್ಗಿಗೆ ಇಳಿಬಿಟ್ಟು ನಿಂತೇ ಕುಡಿಯುತ್ತದೆ. ಯಾವ ಹಳೆಯ ಸೆಟ್ಟು ಕೇಳಿದರೂ ಜನರಿಗೆ ಗೊತ್ತಿರುವ ಹೆಸರು ಒಂದೇ, ರಾಯಲ್ ಆಲ್ಬರ್ಟ್ ಕಂಪನಿಯ 'ಓಲ್ಡ್ ಕಂಟ್ರಿ ರೋಸಸ್'. ಹೆರಾಲ್ಡ್ ಹೋಲ್ಡ್‌ಕ್ರಾಫ್ಟ್ ಎಂಬಾತ ರೂಪಿಸಿ 1962ರಲ್ಲಿ ಬಂದದ್ದು. ಬಿಡಿ ಸಾಮಾನಿನ ಲೆಕ್ಕದಲ್ಲಿ ಹತ್ತು ಕೋಟಿಗೂ ಮೇಲೆ ಮಾರಾಟವಾಗಿದೆಯಂತೆ. ಹತ್ತು ಕೋಟಿ ಇದ್ದ ಮೇಲೆ ಅಪರೂಪ ಎಲ್ಲಿಂದ ಬರಬೇಕು! ಆದರೂ 'ವಿಂಟೇಜ್, 1962' ಎಂದು ಹಾಕಿ ಮಾರುವವರಿಗೆ ಬರವಿಲ್ಲ. ತಳದಲ್ಲಿ ಇರುವ ಆ ಇಸವಿ ನಮೂನೆಯ ಹಕ್ಕಿನದ್ದು, ಕಪ್ಪು ಹುಟ್ಟಿದ್ದಲ್ಲ. ನಿಜವಾಗಿ ದುಡ್ಡು ತರುವುದು ಶೆಲ್ಲಿ ಕಂಪನಿಯವರು 1930ರ ಸುಮಾರಿಗೆ ಮಾಡಿದ, ತ್ರಿಕೋನದ ಹಿಡಿಯ ಕಪ್ಪುಗಳಂಥವು. ಆ ಹಿಡಿಯಲ್ಲಿ ಬೆರಳು ತೂರಿಸಿ ಚಹಾ ಕುಡಿಯುವುದು ಕಷ್ಟ. ಬಹುಶಃ ಅದಕ್ಕೇ ಒಡೆಯದೆ ಉಳಿದಿವೆ.

ಇಡೀ ಸೆಟ್ಟಿಗೆ ಬೆಲೆಯಿಲ್ಲದಿದ್ದರೂ ಬಿಡಿಗೆ ಇದೆ ಎಂಬುದು ಈ ವ್ಯಾಪಾರದ ಒಳಗುಟ್ಟು. ಸೆಟ್ಟು ಇರುವವರ ಮನೆಯಲ್ಲಿ ಒಂದಲ್ಲ ಒಂದು ದಿನ ಏನಾದರೂ ಒಡೆಯುತ್ತದೆ. ಒಡೆದ ದಿನದಿಂದ ಅವರಿಗೆ ಉಳಿದ ಇಪ್ಪತ್ತು ಕಾಣುವುದಿಲ್ಲ, ಇಲ್ಲದ ಒಂದು ಮಾತ್ರ ಕಾಣುತ್ತದೆ. ಈ ಸಂಕಟದ ಮೇಲೆಯೇ ದೊಡ್ಡ ದೊಡ್ಡ ಕಂಪನಿಗಳು ನಿಂತಿವೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸರ್ಕಾರಿ ಲೆಕ್ಕ ತಪಾಸಕರಾಗಿದ್ದ ಬಾಬ್ ಪೇಜ್ ಎಂಬವರು, ರಜೆಯ ದಿನ ಸಂತೆಗಳಲ್ಲಿ ಹಳೆಯ ಪಿಂಗಾಣಿ ಆರಿಸುವ ಚಟವನ್ನೇ ಕಸುಬು ಮಾಡಿಕೊಂಡು, 1981ರಲ್ಲಿ 'ರೀಪ್ಲೇಸ್‌ಮೆಂಟ್ಸ್' ಎಂಬ ಕಂಪನಿ ತೆರೆದರು. ಅಲ್ಲಿನ ಗೋದಾಮಿನಲ್ಲಿ ಲಕ್ಷಗಟ್ಟಲೆ ಬಿಡಿ ಕಪ್ಪು ಬಸಿಗಳು, ತಮ್ಮ ಸೆಟ್ಟಿನವರು ಕರೆಯಲಿ ಎಂದು ಕಾಯುತ್ತ ಕೂತಿವೆ.

ಇದೇ ಹೊತ್ತಿಗೆ ಅವ್ವ ಬೇಸಿಗೆಗೆಂದು ಧಾರವಾಡದಿಂದ ಬಂದಳು. ಪೇಡೆ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ, ಎಲ್ಲವೂ ಹಳೆಯ ಕನ್ನಡ ಪತ್ರಿಕೆಗಳಲ್ಲಿ ಭದ್ರವಾಗಿ ಸುತ್ತಿಕೊಂಡು. ಮೇಜಿನ ತುಂಬ ಹರಡಿದ್ದ ಕಪ್ಪುಗಳನ್ನು ನೋಡಿ ಒಂದನ್ನು ಎತ್ತಿ ತಿರುವಿದಳು.

"ಯಾರ ಹೆಸರು ಹಾಕಿಸ್ಯಾರ?"

ಕಾರ್ಖಾನೆಯದು ಅಂದೆ. ಬಿಡಿಯಾಗಿ ಮಾರುವ ವಿಚಾರ ಕೇಳಿ ಅವಳಿಗೆ ಸರಿಬರಲಿಲ್ಲ. "ಕಪ್ಪು ಒಬ್ಬರಿಗೆ, ಬಸಿ ಒಬ್ಬರಿಗೆ ಕೊಡ್ತಾರೇನವಾ? ಗಂಡಾ ಹೆಂಡ್ತಿನ್ನ ಬ್ಯಾರೆ ಮಾಡಿದಂಗ." ಏಳು ಬಸಿಗೆ ಐದು ಕಪ್ಪು ಇರುವುದನ್ನು ತೋರಿಸಿದೆ. ಅವಳು ಆ ಉಪಮೆಯನ್ನು ಮುಂದುವರಿಸಲಿಲ್ಲ.

ಸಂಜೆ ಅಜ್ಜಿ ಬಂದರು. ಅವ್ವ ಅವರಿಗೆ "ಬರ್ರಿ ಬಾಯಾರ" ಎಂದು ಕುರ್ಚಿ ಎಳೆದಳು, ಅಜ್ಜಿ "ಥ್ಯಾಂಕ್ಯೂ ಡಕ್" ಎಂದು ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬಾರದಿದ್ದರೂ ಇಬ್ಬರೂ ನಿಲ್ಲಿಸದೆ ಮಾತಾಡಿದರು. ಮಾರುವ ಮುಂಚೆ ಒಂದು ಸಲವಾದರೂ ಉಪಯೋಗವಾಗಲಿ ಎಂದು ಆ ಕಪ್ಪುಗಳಲ್ಲೇ ಚಹಾ ಕೊಟ್ಟೆ. "ಇಷ್ಟ ಸಣ್ಣ ಕಪ್ಪಿನ್ಯಾಗ ಕುಡದ್ರ ಗಂಟಲಾದ್ರೂ ತೋಯ್ತೈತೇನು?" ಎನ್ನುತ್ತ ಅವ್ವ ಚಹಾವನ್ನು ಬಸಿಗೆ ಸುರಿದು, ಊದಿ, ಸೊರ್ರೆಂದು ಎಳೆದಳು. ನನಗೆ ಕೊಂಚ ಮುಜುಗರವಾಯಿತು. ಅಜ್ಜಿಗೆ ಖುಷಿಯೋ ಖುಷಿ. ಅವರ ಅಜ್ಜನೂ ಹೀಗೇ ಕುಡಿಯುತ್ತಿದ್ದನಂತೆ. ಒಂದು ಕಾಲಕ್ಕೆ ಇಂಗ್ಲೆಂಡಿನವರು ಬಸಿಯಲ್ಲೇ ಚಹಾ ಆರಿಸಿ ಕುಡಿಯುತ್ತಿದ್ದರು. ಬಸಿಗಳೂ ಆಗ ಬಟ್ಟಲಿನಂತೆ ಆಳವಾಗಿದ್ದವು. ಬಸಿಯ ನಡುವೆ ಕಪ್ಪು ಕೂರುವ ತಗ್ಗು ಬಂದು, ಸೊರ್ ಎನ್ನುವುದು ಅಸಭ್ಯವಾದದ್ದು ಆಮೇಲಿನ ಮಾತು. ನಮ್ಮ ಧಾರವಾಡದ ಚಹಾದಂಗಡಿಯಲ್ಲಿ ಹಳೆಯ ಪದ್ಧತಿ ಸಾಂಗವಾಗಿ ನಡೆದಿದೆ. ಅಜ್ಜಿಯೂ ಬಸಿಗೆ ಸುರಿದುಕೊಂಡರು.

ಕುಡಿದ ಮೇಲೆ ಅಜ್ಜಿ ಕಸುಬಿನ ಪಾಠ ಶುರುಮಾಡಿದರು. ಕಪ್ಪನ್ನು ಕಿಟಕಿಗೆ ಹಿಡಿದು ಒಳಗೆ ಬೆರಳಿಟ್ಟರು. ಹೊರಗಿನಿಂದ ಬೆರಳಿನ ನೆರಳು ಹಾಲಿನೊಳಗೆ ಅದ್ದಿದಂತೆ ಕಂಡಿತು. ಅಂಚಿಗೆ ಉಗುರಿನಿಂದ ಟಣ್ ಎನ್ನಿಸಿದರು. ನಾದ ಹೊರಟು ನಿಧಾನಕ್ಕೆ ಕರಗಿತು. ಕಣ್ಣಿಗೆ ಕಾಣದ ಬಿರುಕಿದ್ದರೆ ಟಣ್ ಬದಲು ಟಪ್ ಎನ್ನುತ್ತದೆ. ಇದೆಲ್ಲ ಅದರಲ್ಲಿರುವ ಬೂದಿಯ ಗುಣ ಎಂದರು.

"ಏನಂತಾರ?" ಎಂದಳು ಅವ್ವ.

"ಇದಕ್ಕ ಬೂದಿ ಹಾಕ್ತಾರಂತ. ದನದ್ದು."

"ಆಕಳ ಬೂದಿ? ಹಂಗಾರ ವಿಭೂತಿ ಇದ್ದಂಗ ಅನ್ನು!" ಅವ್ವ ಕಪ್ಪನ್ನು ಕಣ್ಣಿಗೊತ್ತಿಕೊಂಡಳು.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಆದರೆ ಅಜ್ಜಿಗೆ ಈ ಭಕ್ತಿ ಹುರುಪು ತಂದಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳು ಎಳೆದು ತೋರಿಸಿ, ಉರಿಯುವ ಒಲೆಯ ಅಭಿನಯ ಮಾಡಿ, "ಅರ್ಧಕ್ಕರ್ಧ!" ಎಂದರು. ಅರ್ಧ ಎಲುಬಿನ ಬೂದಿ, ಕಾಲು ಭಾಗ ಬಿಳಿ ಜೇಡಿ, ಕಾಲು ಭಾಗ ಕಾರ್ನ್‌ವಾಲಿನ ಕಲ್ಲು, ಇದು ಪಾಕ. 1740ರ ದಶಕದಲ್ಲಿ ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿ ಥಾಮಸ್ ಫ್ರೈ ಎಂಬಾತ ಪಿಂಗಾಣಿಗೆ ಎಲುಬಿನ ಬೂದಿ ಬೆರೆಸಿ ನೋಡಿದ. ಚೀನಾದವರ ಪಿಂಗಾಣಿಯ ಗುಟ್ಟು ಯೂರೋಪಿನ ತುಂಬ ಎಲ್ಲರೂ ಹುಡುಕುತ್ತಿದ್ದ ಕಾಲ ಅದು. ಆ ಶತಮಾನದ ಕೊನೆಗೆ ನಮ್ಮೂರಿನ ಜೋಸಾಯಾ ಸ್ಪೋಡ್ ಅದರ ಅಳತೆಯನ್ನು ಹದಕ್ಕೆ ತಂದ. ಅಷ್ಟರಲ್ಲಿ, 1784ರಲ್ಲಿ, ಚಹಾದ ಮೇಲಿನ ಸುಂಕ 119 ಪ್ರತಿಶತದಿಂದ 12.5ಕ್ಕೆ ಇಳಿದು ಬಡವರೂ ಚಹಾ ಕುಡಿಯುವಂತಾಗಿತ್ತು. ಚಹಾ ಅಗ್ಗವಾದ ಹೊತ್ತಿಗೆ ಕಪ್ಪೂ ಸಿದ್ಧವಾಯಿತು. ಕಬ್ಬಿಣದಂಶ ಕಡಿಮೆಯೆಂದು, ಬಿಳುಪು ಕೆಡುವುದಿಲ್ಲವೆಂದು, ದನದ ಎಲುಬೇ ಶ್ರೇಷ್ಠ ಎಂಬ ತೀರ್ಮಾನವೂ ಆಯಿತು.

ಈ ಇತಿಹಾಸವನ್ನೆಲ್ಲ ನಾನು ಅವ್ವನಿಗೆ ಹೇಳಲಿಲ್ಲ. ಅಜ್ಜಿಯ ಮೊಣಕೈ ಅಷ್ಟನ್ನೂ ಹೇಳಿತ್ತು. ಅವ್ವ ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದಳು, ಚೀಲದಿಂದ ತನ್ನ ಸ್ಟೀಲಿನ ಲೋಟ ತೆಗೆದು ಮೇಜಿನ ಮೇಲೆ ಊರಿದಳು.

"ಊರಾಗ ಯಾರ ಮುಂದೂ ಅನಬ್ಯಾಡ. ಮದಲ ಇವನ್ನ ಲಗೂನ ಮಾರು."

ಅಲ್ಲಿಂದ ವ್ಯಾಪಾರಕ್ಕೆ ವೇಗ ಬಂತು.

ಐದೂ ಕಪ್ಪುಗಳನ್ನು ಮೇಣದಬತ್ತಿ ಮಾಡುವ ಹುಡುಗಿಯೊಬ್ಬಳು ಕೊಂಡಳು. ಹಳೆಯ ಕಪ್ಪಿಗೆ ಸುವಾಸನೆಯ ಮೇಣ ಸುರಿದು, ಬತ್ತಿ ನೆಟ್ಟು, ಮದುವೆಗಳಿಗೆ ಮಾರುತ್ತಾಳೆ. "ಮೇಣ?" ಎಂದು ಅಜ್ಜಿ ಹೌಹಾರಿದರು. ಅವ್ವ, "ದೀಪಾ ಹಚ್ಚಿದ್ರ ಹಚ್ಚಲಿ, ದೇವರ ಮುಂದ ಇಡಬ್ಯಾಡ ಅನ್ನು," ಎಂದಳು. ಆರು ತಟ್ಟೆ ಮತ್ತು ಕೇಕಿನ ತಟ್ಟೆಯನ್ನು ಕೊಂಡವರು, ನಡುವೆ ತೂತು ಕೊರೆದು, ಒಂದರ ಮೇಲೊಂದು ನಿಲ್ಲಿಸಿ, ಮೂರು ಅಂತಸ್ತಿನ ಕೇಕಿನ ಸ್ಟ್ಯಾಂಡು ಮಾಡುವವರು. ಸೀಳದಂತೆ ಕೊರೆಯಬೇಕೆಂದರೆ ವಜ್ರದ ಪುಡಿ ಕೂಡಿಸಿದ ಬೈರಿಗೆಯಿಂದ, ನೀರು ಹನಿಸುತ್ತ, ನಿಧಾನಕ್ಕೆ ಕೊರೆಯಬೇಕಂತೆ. ಐಬಿನ ಸೂಜಿಮೊನೆಯಷ್ಟು ತೂತಿಗೆ ಒಂದು ದಿನ ಗೀರು ಹಾಕಿಸಿಕೊಂಡ ತಟ್ಟೆಗೆ ಈಗ ಹೆಬ್ಬೆರಳು ತೂರುವ ತೂತು. ಆದರೂ ಬೆಲೆ ಹೆಚ್ಚು. ಸಕ್ಕರೆ ಬಟ್ಟಲು ಕೊಂಡ ಹುಡುಗ ಅದರಲ್ಲಿ ಕಳ್ಳಿ ನೆಡುತ್ತೇನೆಂದ.

ಇವರು ಯಾರಿಗೂ ಗೀರಿನ ಚಿಂತೆಯಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಟೀಪಾಟ್ ಇದೆಯಾ?"

ಒಡೆದದ್ದಕ್ಕೆ ಬದಲಿ ಹುಡುಕುತ್ತಿದ್ದವರು ಸಿಕ್ಕಿದ್ದು ಹಾಲಿನ ಜಗ್ಗಿಗೆ. ಕೆನಡಾದ ಒಬ್ಬ ಹೆಂಗಸು ಆ ನಾಲ್ಕಂಕಿಯ ನಂಬರು ಹಿಡಿದುಕೊಂಡು ಬಹುಕಾಲದಿಂದ ಹುಡುಕುತ್ತಿದ್ದರು. ಅವರ ಅಜ್ಜಿಯ ಸೆಟ್ಟಿನ ಜಗ್ಗಿನ ಹಿಡಿ ಮುರಿದಿತ್ತು. ಮೊದಲು ಮುರಿಯುವುದು ಯಾವಾಗಲೂ ಜಗ್ಗಿನ ಹಿಡಿ, ಆಮೇಲೆ ಕಪ್ಪು; ಬಸಿಗೆ ಸಾವಿಲ್ಲ. ಗೀರಿನ ವಿಷಯ ಬರೆದೆ. 'ನನ್ನದರ ಹಿಡಿಯೇ ಇಲ್ಲ, ಗೀರು ಯಾವ ಲೆಕ್ಕ' ಎಂದು ಉತ್ತರ ಬಂತು.

ಕಟ್ಟುವ ಕೆಲಸ ಅವ್ವ ವಹಿಸಿಕೊಂಡಳು. ಪಿಂಗಾಣಿ ಸಾಗಿಸುವುದು ಇಲ್ಲಿ ಹಳೆಯ ತಲೆನೋವು. ಕುದುರೆಯ ಬೆನ್ನ ಮೇಲೆ ಕುಲುಕಾಡಿ ಒಡೆಯುವುದಕ್ಕಿಂತ ದೋಣಿಯಲ್ಲಿ ತೇಲಿಬಿಡುವುದು ಮೇಲೆಂದು ಜೋಸಾಯಾ ವೆಜ್‌ವುಡ್ ಮುಂತಾದವರು ಓಡಾಡಿ ಕಾಲುವೆಯನ್ನೇ ತೋಡಿಸಿದರು. ಅದು ಮುಗಿದದ್ದು 1777ರಲ್ಲಿ. ಅವ್ವನಿಗೆ ಕಾಲುವೆ ಬೇಕಾಗಲಿಲ್ಲ. ಶೇಂಗಾ ಹೋಳಿಗೆ ಒಂದೂ ಮುರಿಯದಂತೆ ಎರಡು ವಿಮಾನ ದಾಟಿಸಿದ ಕೈ ಅದು. ಎಲುಬು ಮುಟ್ಟಬಾರದೆಂದು ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಹಳೆಯ ಕನ್ನಡ ಪತ್ರಿಕೆಯ ಹಾಳೆಗಳಲ್ಲಿ ಜಗ್ಗನ್ನು ಸುತ್ತಿ, ಒಳಗೂ ತುರುಕಿ, ಡಬ್ಬದೊಳಗೆ ಡಬ್ಬವಿಟ್ಟು ಕಟ್ಟಿದಳು. ಜಗ್ಗು ಕೂದಲೂ ಕೊಂಕದೆ ಕೆನಡಾ ಮುಟ್ಟಿತು. ಆ ಹೆಂಗಸು ಧನ್ಯವಾದದ ಜೊತೆ ಒಂದು ಫೋಟೋ ಕಳಿಸಿದರು. ಸುತ್ತಿದ್ದ ಹಾಳೆಯನ್ನು ಬಿಸಾಡಲು ಮನಸ್ಸಾಗದೆ ನೀಟಾಗಿ ಬಿಡಿಸಿಟ್ಟಿದ್ದರು. ಅದು ಶ್ರದ್ಧಾಂಜಲಿಯ ಪುಟ. ಪಟಗಾ ಸುತ್ತಿ, ಮೀಸೆ ಬಿಟ್ಟ ಹಿರಿಯರೊಬ್ಬರ ದೊಡ್ಡ ಭಾವಚಿತ್ರ. 'ಇವರು ಕಾರ್ಖಾನೆಯ ಸಂಸ್ಥಾಪಕರೇ?' ಎಂದು ಕೇಳಿದ್ದರು. ಅವ್ವನಿಗೆ ತೋರಿಸಿದೆ. "ಪಾಪ, ಹಿರೇರು. ಹೌದಂತ ಬರಿ, ಏನಾಗ್ತೈತಿ," ಎಂದಳು. ನಾನು ಹೌದೆನ್ನಲಿಲ್ಲ. ಜಗ್ಗು ಸುಖವಾಗಿ ತಲುಪಿದ್ದು ಸಂತೋಷ ಎಂದಷ್ಟೇ ಬರೆದೆ.

ಉಳಿದದ್ದು ಏಳು ಬಸಿ. ಕಪ್ಪಿಲ್ಲದ ಬಸಿ ಯಾರಿಗೆ ಬೇಕು ಎಂದು ನಾನು ಕೈಚೆಲ್ಲಿ ಕೂತಿದ್ದಾಗ ಒಬ್ಬರು ಕೇಳಿಕೊಂಡು ಬಂದರು. ಅಂಚೆಯನ್ನು ನಂಬದವರು, ನಿವೃತ್ತ ಬಸ್ ಡ್ರೈವರು. ಅದೇ ನಂಬರಿನ ಆರು ಕಪ್ಪು ಅವರಲ್ಲಿದ್ದವು, ಕೊಕ್ಕೆಗೆ ನೇತುಹಾಕಿದ್ದರಿಂದ ಒಂದೂ ಒಡೆದಿರಲಿಲ್ಲ. ಬಸಿಗಳನ್ನು ಮಾತ್ರ ಸೊಸೆ ಹೂಕುಂಡಗಳ ಕೆಳಗಿಟ್ಟು ಒಂದೊಂದಾಗಿ ತೀರಿಸಿದ್ದಳು. ಬಸಿಗೂ ಸಾವುಂಟು ಎಂದು ಆಗ ತಿಳಿಯಿತು. ಫೆಂಟನ್ನಿನವರು ಎಂದು ಗೊತ್ತಾದೊಡನೆ ಲಾಂಗ್‌ಟನ್ನಿನ ಅಜ್ಜಿ ಬೇಲಿ ಸುತ್ತಿ ಬಂದುಬಿಟ್ಟರು.

ಡ್ರೈವರು ಆರು ಬಸಿ ಆರಿಸಿ, ತಿರುವಿ, ಗೀರು ನೋಡಿ, "ಸೆಕೆಂಡ್ಸ್" ಎಂದರು. ಐಬು ಎಲ್ಲಿ ಎಂದು ಹುಡುಕಿದರು. ಸಿಗಲಿಲ್ಲ.

"ಫೆಂಟನ್ನಿನವರಿಗೆ ಕಾಣಿಸಲ್ಲ," ಎಂದು ಅಜ್ಜಿ ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದರು. "ಇದರ ಮೊಗ್ಗು ನನ್ನ ಕೈಯದ್ದಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳದ್ದು, ಅವಳಿಗೆ ಯಾವಾಗಲೂ ಅವಸರ. ಇವಕ್ಕೆ ನಾಲ್ಕು ಪೌಂಡಿಗಿಂತ ಒಂದು ಪೆನ್ನಿ ಹೆಚ್ಚು ಕೊಡಬೇಡಿ."

ನಾನು ಹಾಕಿದ್ದ ಬೆಲೆ ಎಂಟು. ಮಾಲಿನ ಒಡತಿಯೇ ಮಾಲನ್ನು ಹಳಿಯುತ್ತಿದ್ದರೆ ಏನು ಹೇಳುವುದು? ಅವ್ವನಿಗೆ ಮಾತು ತಿಳಿಯದಿದ್ದರೂ ಅಜ್ಜಿಯ ನಾಲ್ಕು ಬೆರಳು ಕಂಡವು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಜೊತೆ ಧಾರವಾಡದ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಜಗ್ಗಾಡಿ ಗೆದ್ದವಳು ಅವಳು. ಹತ್ತು ಬೆರಳು ಎತ್ತಿದಳು.

"ನಾಲ್ಕು," ಎಂದರು ಅಜ್ಜಿ.

"ಹತ್ತ," ಎಂದಳು ಅವ್ವ, ಬಸಿಯೊಂದನ್ನು ಎತ್ತಿ ಉಗುರಿನಿಂದ ಟಣ್ ಎನ್ನಿಸಿ. ಪ್ಲಾಸ್ಟಿಕ್ ಚೀಲ ತೊಡುವುದು ಮರೆತಿತ್ತು.

"ಇದರ ಎಲೆ ಮಡಚಿದೆ. ಮೂರೂವರೆ."

"ಏನಂತಾರ ಈ ಬಾಯಾರು? ಇಳಸ್ತಾರೇನು? ತಮ್ಮ ಮಾಲು ತಾವ ಇಳಸ್ತಾರ?"

ಮಾರುವವರ ಪಕ್ಷದಲ್ಲೇ ಒಬ್ಬರು ಏರಿಸಿ ಒಬ್ಬರು ಇಳಿಸುವುದನ್ನು ನೋಡುತ್ತ ಆ ಮನುಷ್ಯ ತಾನು ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಕೊನೆಗೆ ಏಳು ಪೌಂಡು ಮೇಜಿನ ಮೇಲಿಟ್ಟರು. ಅಜ್ಜಿ ತಲೆಯಾಡಿಸಿ, ಫೆಂಟನ್ನಿನವರಿಗೆ ವ್ಯವಹಾರ ತಿಳಿಯದು ಎಂದು ನನಗೆ ಕೇಳುವಷ್ಟೇ ಮೆಲ್ಲಗೆ ಅಂದು, ದುಡ್ಡನ್ನು ಜೇಬಿಗೆ ಹಾಕಿಕೊಂಡರು.

ಅವ್ವ ಆರು ಬಸಿ ಸುತ್ತಿ ಕೊಟ್ಟಳು. ಆಮೇಲೆ, ವ್ಯಾಪಾರ ಮುಗಿದ ಮೇಲೆ ಕೊಸರು ಕೊಡದೆ ಗಿರಾಕಿಯನ್ನು ಕಳಿಸುವುದು ಹೇಗೆಂದು, ಉಳಿದಿದ್ದ ಏಳನೆಯ ಬಸಿಯನ್ನೂ ಚೀಲಕ್ಕೆ ಇಳಿಸಿ, ಮೇಲೆ ಎರಡು ಪೇಡೆ ಇಟ್ಟಳು. ಅವರು ಗೇಟಿನ ತನಕ ಹೋಗಿ ಚೀಲದೊಳಗೆ ಬಗ್ಗಿ ನೋಡಿದರು, ಎಣಿಸಿದರು, ಮತ್ತೆ ಎಣಿಸಿದರು, ತಿರುಗಿ ಬಂದರು.

"ಬಸಿ ಏಳಾದವಲ್ಲ, ಡಕ್. ನನ್ನ ಹತ್ತಿರ ಕಪ್ಪು ಇರೋದು ಆರೇ. ಇನ್ನೊಂದು ಕಪ್ಪು ಎಲ್ಲಾದರೂ ಸಿಕ್ಕರೆ ಒಂದು ಮಾತು ತಿಳಿಸಿ."